ಮಾಸ್ ಲ್ಯಾಂಡಿಂಗ್‌ನ ಎರಡು ಬೆಂಕಿಗಳು

ಕ್ಯಾಲಿಫೋರ್ನಿಯಾದ ಮಧ್ಯಾಹ್ನದ ಸೌರವಿದ್ಯುತ್ತನ್ನು ಸಂಜೆಯ ಬೇಡಿಕೆಗಾಗಿ ಬ್ಯಾಟರಿಗಳು ಕೂಡಿಡುತ್ತವೆ. ಅಷ್ಟರಮಟ್ಟಿಗೆ ಅನಿಲ ಸ್ಥಾವರಗಳ ಹೊಗೆ ತಗ್ಗುತ್ತದೆ. ಆದರೆ 2025ರ ಜನವರಿ 16ರಂದು ಅಲ್ಲಿಯ ಮಾಸ್ ಲ್ಯಾಂಡಿಂಗ್‌ನಲ್ಲಿ ಇಂಥದೊಂದು ಸಂಗ್ರಹಾಗಾರ ಹೊತ್ತಿ ಉರಿಯಿತು. ಸುಮಾರು 1,200 ಜನ ಮನೆ ತೊರೆಯಬೇಕಾಯಿತು. ಬಳಿಯ ಜೌಗುಭೂಮಿಯ ಮಣ್ಣಿನಲ್ಲಿ ನಿಕ್ಕಲ್, ಕೋಬಾಲ್ಟ್ ಅಂಶ ಹೆಚ್ಚಿತು.

ಹಾಗಾದರೆ ಬ್ಯಾಟರಿಯೇ ಬೇಡವೇ? ಉತ್ತರ ಪಕ್ಕದಲ್ಲೇ ಇದೆ. 2022ರಲ್ಲಿ ಅದೇ ಊರಿನ ಇನ್ನೊಂದು ಸಂಗ್ರಹಾಗಾರಕ್ಕೂ ಬೆಂಕಿ ತಗುಲಿತ್ತು. ಅಲ್ಲಿ ಬ್ಯಾಟರಿಗಳು ಬಯಲಿನಲ್ಲಿ, ಬಿಡಿಬಿಡಿ ಪೆಟ್ಟಿಗೆಗಳಲ್ಲಿದ್ದವು. ಸುಟ್ಟದ್ದು ಒಂದೇ ಪೆಟ್ಟಿಗೆ. 2025ರಲ್ಲಿ ಉರಿದವು ಹಳೆಯ ಟರ್ಬೈನ್ ಕಟ್ಟಡದೊಳಗೆ ಒತ್ತಾಗಿ ಜೋಡಿಸಿದ್ದವು.

ಸಂಗ್ರಹಾಗಾರ ಬೇಕೇ ಬೇಕು. ಆದರೆ ಎಲ್ಲಿ, ಎಷ್ಟು ಅಂತರದಲ್ಲಿ ಎಂಬ ತೀರ್ಮಾನದಲ್ಲಿ, ಹೊಗೆ ಕುಡಿಯಬೇಕಾದ ನೆರೆಹೊರೆಯವರ ಮಾತಿಗೂ ಬೆಲೆಯಿರಬೇಕು.