ಚಳಿಗೆ ಗಾಡಿ ಚಾಲೂ ಆಗದಿದ್ದರೆ



ನಮ್ಮ ಭಾತಂಬ್ರಾದಾಗ ಮಾಗಿ ಚಳಿ ಜೋರು. ನಸುಕಿನಾಗ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು ಅನ್ರಿ. ಭಾಲ್ಕಿಗೆ ಹೋಗಬೇಕು. ಹಳೆ ಡೀಸೆಲ್ ಕಾರು ಚಾಲೂ ಆಗವಲ್ದು. ಏನು ಮಾಡಬೇಕು?

ಮೊದಲು 108ಕ್ಕೆ ಫೋನ್ ಮಾಡ್ರಿ. ಹೆರಿಗೆ ಯಾರಿಗೂ ಕಾಯಂಗಿಲ್ಲ. ಆಮೇಲೆ ಗಾಡಿ ನೋಡ್ರಿ.

ಎಂಜಿನ್ ಒಳಗಿನ ಬಿಸಿ ಗಾಳಿಗೆ ಡೀಸೆಲ್ ಹೊತ್ತುತ್ತದೆ. ಚಳಿಯಲ್ಲಿ ಆ ಬಿಸಿ ಸಾಲದು. ಅದಕ್ಕೇ ಹೀಟರ್ ಪ್ಲಗ್ ಇದೆ. ಕೀಲಿ ತಿರುಗಿಸಿ, ಸುರುಳಿ ಗುರುತಿನ ದೀಪ ಆರುವ ತನಕ ತಡೀರಿ.

ಎಂಜಿನ್ ನಿಧಾನ ತಿರುಗಿದರೆ ಬ್ಯಾಟರಿ ಸೋತಿರಬಹುದು. ಜೋರಾಗಿ ತಿರುಗಿ ಬಿಳಿ ಹೊಗೆ ಬಂದರೆ, ಹಸಿ ಕಟ್ಟಿಗೆಯಂತೆ ಡೀಸೆಲ್ ಹೊತ್ತಿಲ್ಲ. ಹೀಟರ್ ಪ್ಲಗ್ ತೋರಿಸ್ರಿ. ಹೊಗೆಯೇ ಇಲ್ಲವೆ? ಡೀಸೆಲ್ ಬರುತ್ತಿಲ್ಲ. ಪೈಪಿನಲ್ಲಿ ಗಾಳಿ ಸೇರಿರಬಹುದು.

ಎಂಜಿನ್ ಕೆಳಗೆ ಬೆಂಕಿ ಮಾತ್ರ ಹಚ್ಚಬೇಡ್ರಿ!