ಪೊರಕೆ ಹಿಡಿಯುವ ಕೈ ಯಾರದು?

(ಖಾನಾಪುರ ತಾಲೂಕಿನ ಗುಂಜಿಯಲ್ಲಿ, ಪರಿಸರ ಸೇವಾ ದಿನದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)



ಭಾನುವಾರದ ಸೇವೆಗೆ ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಗಿಡ ನೆಡುವ ಕೆಲಸವನ್ನೇ ಕೇಳಿದ್ದೀರಿ. ಚರಂಡಿ ಬದಿಯ ಕಸ ಎತ್ತುವವರ ಪಟ್ಟಿ ಬಹುತೇಕ ಖಾಲಿಯಿದೆ. ಗಿಡ ನೆಡುವುದು ಸತ್ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಈ ತಾಲೂಕಿನಲ್ಲಿ ಮಳೆಗೂ ಮರಕ್ಕೂ ಬರವಿಲ್ಲ. ಕಸ ಎತ್ತುವ ಕೈಗಳಿಗೆ ಬರವಿದೆ. ಆ ಪಟ್ಟಿ ಏಕೆ ಖಾಲಿ ಉಳಿಯಿತು? ಆ ಕೆಲಸ ಬೇರೆ ಯಾರದೋ ಎಂಬ ಭಾವನೆ ನಮ್ಮೊಳಗೆ ಕುಳಿತಿದೆ.

ಇಲ್ಲಿಂದ ಬಹಳ ದೂರವಲ್ಲದ ಬೆಳಗಾವಿಯಲ್ಲಿ 1924ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಅದರ ಹಿಂದಿನ ವರ್ಷ ಕಾಕಿನಾಡದಲ್ಲಿ ಅಧ್ಯಕ್ಷರಾಗಿದ್ದವರು ಮೌಲಾನಾ ಮುಹಮ್ಮದಲಿ. ನೀರಿಗಾಗಿ ಅಂದು ತೋಡಿದ ಬಾವಿ ಟಿಳಕವಾಡಿಯ ಬಳಿ ಇಂದಿಗೂ ಇದೆ. ಅದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಆದರೆ ಆ ಶಿಬಿರದ ನೈರ್ಮಲ್ಯದ ಹೊಣೆಯನ್ನು ಕಾಕಾ ಕಾಲೇಲ್ಕರರು ಹೊತ್ತಿದ್ದರೆಂಬುದನ್ನೂ, ಮಲವಿಸರ್ಜನೆಯ ಸ್ಥಳಗಳನ್ನು ಶುಚಿಗೊಳಿಸಿದ ಸ್ವಯಂಸೇವಕರಲ್ಲಿ ಬ್ರಾಹ್ಮಣ ಯುವಕರೇ ಹೆಚ್ಚಿದ್ದರೆಂಬುದನ್ನೂ ಕೆಲವರೇ ಬಲ್ಲರು. ನೂರು ವರ್ಷಗಳ ಹಿಂದೆ ಅದು ಸಣ್ಣ ಮಾತಾಗಿರಲಿಲ್ಲ.

ಜಾತಿಯ ಮೇಲುಕೀಳನ್ನು ಒಪ್ಪುವುದಿಲ್ಲವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದನ್ನು ಪ್ರವಾದಿವರ್ಯರು(ಸ) ಈಮಾನಿನ ಶಾಖೆಗಳಲ್ಲಿ ಎಣಿಸಿದ್ದಾರೆಂಬುದನ್ನು ಖುತ್ಬಾಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಹಾಗಿದ್ದೂ ನಮ್ಮ ವಲೀಮದ ಮರುದಿನ ಸಭಾಭವನದ ಹಿಂದೆ ಏನು ಬಿದ್ದಿರುತ್ತದೆ? ಎಂಜಲು ತಟ್ಟೆ, ಎಲುಬು, ಲೋಟಗಳ ರಾಶಿ. ಅದನ್ನು ಎತ್ತುವವರು ಯಾರೆಂದು ಆತಿಥೇಯರು ಕೇಳುವುದಿಲ್ಲ. ಬಕ್ರೀದ್ ದಿನ ಚರ್ಮ, ಕರುಳುಗಳನ್ನು ಗುಂಡಿಯಲ್ಲಿ ಹೂಳದೆ ಹಳ್ಳಕ್ಕೆ ಎಸೆಯುವವರೂ ನಮ್ಮಲ್ಲಿದ್ದಾರೆ. ಮಾವುಲಿ ದೇವಿಯ ಜಾತ್ರೆಗೆ ಬಂದವರು ಎಸೆದ ಲೋಟವೂ ನಮ್ಮ ಮದುವೆಯ ಲೋಟವೂ ಒಂದೇ. ದನದ ಹೊಟ್ಟೆ ಸೇರಿದ ಮೇಲೆ ಯಾವುದು ಯಾರದೆಂದು ಗುರುತಿಸಲಾಗದು. ಅಂದಹಾಗೆ, ಕಾಗದದ ಲೋಟವೆಂದು ನಾವು ಸಮಾಧಾನಪಡುವುದರ ಒಳಮೈಯಲ್ಲೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಲೇಪವಿರುತ್ತದೆ. ಸ್ಟೀಲ್ ಲೋಟ ತೊಳೆಯಲು ಇಬ್ಬರು ಯುವಕರು ನಿಂತರೆ ಇದು ಮುಗಿಯುತ್ತದೆ. ಆದರೆ ಆ ಇಬ್ಬರು ಮನೆಯ ಗಂಡುಮಕ್ಕಳೇ ಆಗಿರಲಿ.

ನಮ್ಮ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ಪಟ್ಟಣವನ್ನು ದಾಟಿ ನವಿಲುತೀರ್ಥದ ಅಣೆಕಟ್ಟು ಸೇರುತ್ತಾಳೆ. ಹುಬ್ಬಳ್ಳಿ-ಧಾರವಾಡದ ಜನ ಕುಡಿಯುವುದು ಆ ನೀರನ್ನು. ನಮ್ಮ ಹೆಣ್ಣುಮಕ್ಕಳನ್ನು ಕೊಟ್ಟ ಮನೆಗಳೂ ಅಲ್ಲಿವೆ. ನದಿಯ ಮೇಲ್ದಂಡೆಯಲ್ಲಿರುವವರ ಹೊಣೆ ಎಷ್ಟೆಂಬುದನ್ನು ಇನ್ನು ವಿವರಿಸಬೇಕಿಲ್ಲ.

ಇನ್ನೊಂದು ಮಾತು. ಒಂದು ದಿನದ ಸೇವೆ ಪಂಚಾಯತಿಯ ವರ್ಷವಿಡೀ ಇರುವ ಹೊಣೆಗೆ ಬದಲಾಗಬಾರದು. ಭಾವಚಿತ್ರಕ್ಕೆ ಪೊರಕೆ ಹಿಡಿಯುವ ಜನಪ್ರತಿನಿಧಿಗಳನ್ನು 2014ರಿಂದ ಸಾಕಷ್ಟು ಕಂಡಿದ್ದೇವೆ. ಮನುಷ್ಯರಿಂದ ಮಲ ಬಳಿಸುವುದನ್ನು ನಿಷೇಧಿಸುವ ಕಾಯಿದೆ 2013ರಲ್ಲೇ ಬಂದಿದ್ದರೂ ದೇಶದ ಒಳಚರಂಡಿಗಳಲ್ಲಿ ಕಾರ್ಮಿಕರು ಉಸಿರುಗಟ್ಟಿ ಸಾಯುವುದು ನಿಂತಿಲ್ಲ. ಆದ್ದರಿಂದ ಭಾನುವಾರ ಎಲ್ಲಿ ಎಷ್ಟು ಚೀಲ ಕಸ ಸಿಕ್ಕಿತೆಂದು ಬರೆದಿಡಿ. ಆ ಲೆಕ್ಕವನ್ನು ಮುಂದಿನ ಗ್ರಾಮಸಭೆಯ ಮುಂದಿಟ್ಟು, ಕಸದ ಗಾಡಿ ವಾರಕ್ಕೆ ಎಷ್ಟು ಸಲ ಬರುತ್ತದೆ, ಕಸ ಎಲ್ಲಿಗೆ ಹೋಗುತ್ತದೆ, ಕೆಲಸಗಾರರಿಗೆ ಕೈಗವಸು ಕೊಟ್ಟಿದ್ದೀರಾ ಎಂದು ಕೇಳೋಣ. ಮರಾಠಿ ಮಾತನಾಡುವ ನೆರೆಯವರನ್ನೂ ಜೊತೆಗೆ ಕರೆದುಕೊಳ್ಳಿ. ಗಡಿಯ ವಿಷಯದಲ್ಲಿ ಭಿನ್ನಾಭಿಪ್ರಾಯವಿರುವವರಿಗೂ ಚರಂಡಿಯ ವಿಷಯದಲ್ಲಿ ಇರಲಾರದು.

ಫಜ್ರ್ ನಮಾಝಿನ ಬಳಿಕ ಹೊರಡೋಣ. ದಪ್ಪ ಕೈಗವಸು, ಕಾಲು ಮುಚ್ಚುವ ಚಪ್ಪಲಿ ಅಥವಾ ಬೂಟು ಇರಲಿ. ಗಾಜು, ಸೂಜಿಗಳನ್ನು ಮಕ್ಕಳು ಮುಟ್ಟಬಾರದು. ಹಸಿ ಕಸ ಒಂದು ಚೀಲಕ್ಕೆ, ಒಣ ಕಸ ಇನ್ನೊಂದಕ್ಕೆ. ಸುಲಭವೆಂದು ಪ್ಲಾಸ್ಟಿಕ್ಕಿಗೆ ಬೆಂಕಿ ಹಚ್ಚಬೇಡಿ, ಆ ಹೊಗೆ ವಿಷ. ಚರಂಡಿಯ ಪಟ್ಟಿಯಲ್ಲಿ ಮೊದಲು ನನ್ನ ಹೆಸರು ಬರೆದಿದ್ದೇನೆ. ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ.