ಕಣ್ಣು ಹಳದಿಯಾಗುವ ಮೊದಲೇ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಫ್ಯಾಟು, ಡಿಗ್ರಿ, ಬಟವಾಡೆ ಅಂತ ಇಪ್ಪತ್ತೈದು ವರ್ಷ ಮಾತಾಡಿದ್ದಾಯಿತು. ಇವತ್ತು ನಾವು ಲಿವರ್ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ. ನಾವು ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿ ಓದಿದ ರೈತರು. ಆದರೂ ದನ ಸಾಕಿದವರಿಗೆ ಲಕ್ಷಣ ನೋಡುವುದು ಹೊಸದೇನಲ್ಲ.

ಕೆರೆಯಂಗಳದಲ್ಲಿ ಮೇಯುವ ಹಸು ಸೊರಗಿ, ಹಾಲು ಇಳಿದು, ದವಡೆ ಕೆಳಗೆ ನೀರು ತುಂಬಿ ಜೋತುಬಿದ್ದರೆ ಸುಮ್ಮನಿರುತ್ತೇವೆಯೇ? ಬಸವನಹುಳುವಿನ ಮೂಲಕ ಬರುವ ಲಿವರ್ ಜಂತು ಇರಬಹುದೆಂದು ಅವತ್ತೇ ಪಶುವೈದ್ಯರಿಗೆ ಹೇಳಿಕಳಿಸುತ್ತೇವೆ. ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದರೆ ನೀರು ನಾಳದಿಂದ ಹೊರಕ್ಕೆ ಒಸರುತ್ತದೆ. ದನಕ್ಕೆ ದವಡೆಯಲ್ಲಿ, ಮನುಷ್ಯನಿಗೆ ಪಾದದಲ್ಲಿ, ಹೊಟ್ಟೆಯಲ್ಲಿ. ಆ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವುದು ಲಿವರೇ. ಹಸುವಿಗಾಗಿ ಓಡುವ ನಾವು ಮನೆ ಯಜಮಾನನ ಕಾಲು ಬಾತರೆ ಮಾತ್ರ ವಾಯು ಎಂದು ಎಣ್ಣೆ ಸವರಿ ಕೂರಿಸುತ್ತೇವೆ!

ಲಿವರ್ ಇರುವುದು ಬಲಗಡೆ ಪಕ್ಕೆಲುಬಿನ ಕೆಳಗೆ. ದೊಡ್ಡವರಲ್ಲಿ ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ. ಬಹಳಷ್ಟು ಹಾಳಾಗುವ ತನಕ ಅದು ನೋವು ತೋರಿಸುವುದೇ ಅಪರೂಪ. ಹಸಿವಿಲ್ಲ, ಸುಸ್ತು, ಓಕರಿಕೆ ಎನ್ನುವಷ್ಟರಲ್ಲೇ ಇರುತ್ತದೆ.

ಇನ್ನು ಕಾಮಾಲೆ. ಹಳೆಯ ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಬರುತ್ತದೆ. ಲಿವರ್ ಅದನ್ನು ಪಿತ್ತದ ಜೊತೆ ಕರುಳಿಗೆ ದಾಟಿಸುತ್ತದೆ. ಮಲಕ್ಕೆ ಬಣ್ಣ ಬರುವುದೂ ಅದರಿಂದಲೇ. ಈ ಕೆಲಸ ಕೆಟ್ಟರೆ ಅದು ರಕ್ತದಲ್ಲೇ ನಿಲ್ಲುತ್ತದೆ. ಎಷ್ಟೋ ಸಲ ಮೊದಲು ಮೂತ್ರ ಕಡು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಣ್ಣಿನ ಬಿಳಿಭಾಗ. ಬಲ್ಬಿನ ಬೆಳಕಲ್ಲಲ್ಲ, ಹಗಲು ಬೆಳಕಲ್ಲಿ ನೋಡಿ. ಕ್ಯಾರೆಟ್, ಪರಂಗಿ ಹಣ್ಣು ವಿಪರೀತ ತಿಂದವರ ಅಂಗೈ ಹಳದಿಯಾಗಬಹುದು, ಕಣ್ಣು ಆಗುವುದಿಲ್ಲ. ಮಲ ಜೇಡಿಮಣ್ಣಿನ ಹಾಗೆ ಬಿಳಚಿಕೊಂಡು ಮೈಯೆಲ್ಲ ತುರಿಸಿದರೆ ಪಿತ್ತನಾಳ ಕಟ್ಟಿರಬಹುದು. ಒಳಗೆ ಕಲ್ಲಿದೆಯೋ ಗೆಡ್ಡೆಯಿದೆಯೋ, ಸ್ಕ್ಯಾನ್ ಮಾಡಿಸದೆ ತಿಳಿಯದು. ಅದಕ್ಕೆ ಸೊಪ್ಪಿನ ರಸ ಏನು ಮಾಡೀತು?

ನೆಲನೆಲ್ಲಿ ಕುಡಿದು ವಾಸಿಯಾಯಿತಲ್ಲ ಅನ್ನುತ್ತೀರಿ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುತೇಕ ಜನಕ್ಕೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. ಹೆಸರು ಮಾತ್ರ ಔಷಧಿ ಕೊಟ್ಟವನಿಗೆ, ಕೈಗೆ ಬರೆ ಹಾಕಿದವನಿಗೆ! ಆದರೆ ರಕ್ತ, ಸೂಜಿಯಿಂದ ಹರಡುವ ಬಿ ಮತ್ತು ಸಿ ಹಾಗಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಒಳಗೇ ಕೊರೆಯುತ್ತವೆ, ರಕ್ತಪರೀಕ್ಷೆಯಲ್ಲಷ್ಟೇ ಗೊತ್ತಾಗುತ್ತವೆ. ಬಿ ಗೆ ಲಸಿಕೆಯಿದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸು ಹಾಕಿಸಬೇಕು. ಗರ್ಭಿಣಿಗೆ ಕಾಮಾಲೆ ಕಂಡರಂತೂ ಮನೆಮದ್ದು ಬೇಡವೇ ಬೇಡ, ಅವತ್ತೇ ಆಸ್ಪತ್ರೆ. ಹೆಪಟೈಟಿಸ್ ಇ ಆಗಿದ್ದರೆ ತಾಯಿಯ ಜೀವಕ್ಕೇ ಕುತ್ತು.

ಕುಡಿತದ ಮಾತು ಬಿಡುವಂತಿಲ್ಲ. 2007ರಲ್ಲಿ ಸಾರಾಯಿ ನಿಂತಿತು, ಪ್ಯಾಕೆಟ್ಟಿನ ಜಾಗಕ್ಕೆ ಕ್ವಾರ್ಟರ್ ಬಂತು. ಕುಡಿಯದವರೂ ನಗಬೇಡಿ, ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಿಗೂ ಲಿವರಿನಲ್ಲಿ ಕೊಬ್ಬು ಕೂರುತ್ತದೆ.

ಲಿವರ್ ಕೆಟ್ಟವನು ರಕ್ತ ಕಾರಿದರೆ, ಡಾಂಬರಿನಂಥ ಕಪ್ಪು ಮಲ ಹೋದರೆ, ಹಗಲೆಲ್ಲ ಮಂಪರು, ರಾತ್ರಿ ಎಚ್ಚರ, ಮಾತು ಅಡ್ಡಾದಿಡ್ಡಿಯಾದರೆ ಕುಡಿದಿದ್ದಾನೆ ಅಂತಲೋ ಗಾಳಿ ಸೋಕಿದೆ ಅಂತಲೋ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಬೆಳಗಿನ ಹಾಲು ಹಾಕಿ ಬಂದು ನೋಡೋಣ ಅನ್ನಬೇಡಿ, ಹಾಲನ್ನು ಪಕ್ಕದ ಮನೆಯವರು ಹಾಕುತ್ತಾರೆ.